ಸಂಶಯಕ್ಕೆ ಒಂದು ಅಂಕ

ಆ ಸಂಜೆ ನಾನು ಬಿಳಿ ಕೋಟು ತೊಟ್ಟಿದ್ದೆ ಎಂದು ಮೊನ್ನೆ ಮೊನ್ನೆಯವರೆಗೂ ನಂಬಿದ್ದೆ. ಮೊಣಕಾಲಿನವರೆಗೆ ಬರುವ, ಪ್ರಯೋಗಾಲಯದವರು ಹಾಕಿಕೊಳ್ಳುವಂಥ ಕೋಟು. ಅದರ ಜೇಬಿನಲ್ಲಿ ಕೈಯಿಟ್ಟುಕೊಂಡು ನಿಂತದ್ದೂ ನೆನಪಿದೆ. ಹೋದ ವಾರ ಹೆಂಡತಿ ಫೋನಿನಲ್ಲಿ ಏನನ್ನೋ ಹುಡುಕುತ್ತಾ ಒಂದು ಫೋಟೋದ ಬಳಿ ನಿಂತಳು.

"ನೋಡಿ, ನಿಮ್ಮ ಬಾವುಟದ ದಿನ."

ನೋಡಿದೆ. ನಾಲ್ಕು ಕಂಬಗಳ ಮುಂದೆ ನಾನು ನಿಂತಿದ್ದೇನೆ. ಎರಡು ಕೈಯಲ್ಲಿ ಎರಡು ಬಾವುಟ. ಮೈಮೇಲೆ ರಸ್ತೆ ಕೆಲಸದವರು ಹಾಕುವಂಥ ಹಳದಿ ಜಾಕೆಟ್.

"ಕೋಟು ಎಲ್ಲಿ?"

"ಯಾವ ಕೋಟು? ಆ ಜಾಕೆಟ್ಟನ್ನೇ ಸೆಕೆ ಸೆಕೆ ಅಂತ ಹತ್ತು ಸಲ ಬಿಚ್ಚೋಕೆ ಹೋಗಿದ್ರಿ. ಕೋಟು ಬೇರೆ ಕೇಡು."

ಅವಳು ನಗುತ್ತಾ ಅಡುಗೆಮನೆಗೆ ಹೋದಳು. ನಾನು ಹಾಲಿನಲ್ಲಿ ಆಚೆಯಿಂದೀಚೆಗೆ ನಡೆಯತೊಡಗಿದೆ. ಸುಮ್ಮನೆ ಕೂತು ಯೋಚಿಸುವುದು ನನಗೆ ಒಗ್ಗಿ ಬಂದಿಲ್ಲ. ಜೇಬೇ ಇಲ್ಲದ ಜಾಕೆಟ್ಟಿನ ಜೇಬಿನಲ್ಲಿ ಕೈಯಿಟ್ಟುಕೊಂಡು ನಿಂತದ್ದನ್ನು ಇಷ್ಟು ಸ್ಪಷ್ಟವಾಗಿ ನೆನಪಿಟ್ಟುಕೊಂಡವನು, ಆ ಸಂಜೆಯ ಬೇರೆ ಸಂಗತಿಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು? ಅದರಲ್ಲೂ ಒಂದು ಸಂಗತಿ ಇದೆ. ಒಬ್ಬ ಮನುಷ್ಯನ ಬೆರಳಿಗೂ ಒಂದು ಚೆಂಡಿಗೂ ನಡುವೆ ಬೆಳಕು ಕಂಡಿತು ಎಂದು ನಾನು ಆವತ್ತು ನೂರಾರು ಜನರ ಎದುರು ಹೇಳಿದೆ. ಅದು ಸರಿ ಎಂದು ಇವತ್ತೂ ಹೇಳುತ್ತೇನೆ. ಕೋಟಿನಲ್ಲಿ ಸೋತವನಿಗೆ ಬೆರಳಿನ ವಿಷಯದಲ್ಲಿ ಇಷ್ಟು ಧೈರ್ಯ ಎಲ್ಲಿಂದ ಎಂದು ಕೇಳುವವರಿಗಾಗಿ, ಅಂಥವರಲ್ಲಿ ಮೊದಲನೆಯವನು ನಾನೇ, ಇದನ್ನು ಬರೆಯುತ್ತಿದ್ದೇನೆ.

ನಾನು ಮೈಸೂರಿನಲ್ಲಿ ಸಂಖ್ಯಾಶಾಸ್ತ್ರ ಓದಿದವನು. ಈಗ ಒಮಾನಿನಲ್ಲಿ, ಮಸ್ಕತ್ತಿನ ಪಕ್ಕದ ಅಲ್ ಖೌದ್‌ನ ಒಂದು ಕಚೇರಿಯಲ್ಲಿ ಕೆಲಸ. ನೀರಿನ ಮೀಟರುಗಳು ಎಷ್ಟು ಸುಳ್ಳು ಹೇಳುತ್ತವೆ ಎಂದು ಲೆಕ್ಕ ಹಾಕುವುದು ಅಲ್ಲಿ ನನ್ನ ಪಾಲಿಗೆ ಬಂದ ಹೊಣೆ. ಎಲ್ಲ ಮೀಟರುಗಳೂ ಸ್ವಲ್ಪ ಸುಳ್ಳು ಹೇಳುತ್ತವೆ. ಎಷ್ಟು ಎಂಬುದಷ್ಟೇ ಪ್ರಶ್ನೆ. ಈ ಅಭ್ಯಾಸ ಮನೆಗೂ ಬಂದುಬಿಟ್ಟಿದೆ. ಕಾರಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಮೆಟ್ಟಿಲಿಳಿದು ಹೋಗಿ ನೋಡಿ ಬರುತ್ತೇನೆ. ಮೇಲೆ ಬಂದ ಮೇಲೆ, ನೋಡಿದ್ದು ಇವತ್ತೋ ನಿನ್ನೆಯೋ ಎಂಬ ಸಂಶಯ ಹುಟ್ಟುತ್ತದೆ. ಸೀಬ್‌ನ ನಮ್ಮ ಕಟ್ಟಡದಲ್ಲಿ ಇದು ಎಲ್ಲರಿಗೂ ಗೊತ್ತು. ಕೆಳಗಿನ ಮನೆಯ ಕ್ಯಾಪ್ಟನ್ನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು.

ಕ್ಯಾಪ್ಟನ್ ಅಂದರೆ ಹಡಗಿನವರಲ್ಲ. ಕುಂದಾಪುರದ ಕಡೆಗೂ ಮಂಗಳೂರಿನ ಕಡೆಗೂ ನಡುವೆ ಎಲ್ಲಿಂದಲೋ ಬಂದವರು, ಅಲ್ ಮವಾಲೇಹ್‌ನ ತರಕಾರಿ ಮಾರುಕಟ್ಟೆಯ ಒಂದು ಕಂಪನಿಯಲ್ಲಿ ಖರೀದಿ ನೋಡಿಕೊಳ್ಳುವವರು. ಮನೆಯಲ್ಲಿ ತುಳು, ಮಾರುಕಟ್ಟೆಯಲ್ಲಿ ಹಿಂದಿ ಮತ್ತು ಅರಬ್ಬಿ, ನನ್ನ ಜೊತೆ ಕನ್ನಡ. ಕರಾವಳಿಯವರ ಕಬಡ್ಡಿ ತಂಡಕ್ಕೆ ಅವರು ನಾಯಕರು, ಹಾಗಾಗಿ ಈ ಹೆಸರು. ಮಾರುಕಟ್ಟೆಯ ಹಿಂದಿನ ಖಾಲಿ ಜಾಗದಲ್ಲಿ, ಲಾರಿಗಳು ಹೊರಟುಹೋದ ಮೇಲೆ, ಅವರ ಆಟ. ನೆಲ ಪೂರಾ ಜಲ್ಲಿ. ಕಬಡ್ಡಿಯಲ್ಲಿ ಬೀಳದೆ ಇರುವುದು ಸಾಧ್ಯವಿಲ್ಲ. ಜಲ್ಲಿಯ ಮೇಲೆ ಬಿದ್ದು ಏಳುವುದು ನಲವತ್ತು ದಾಟಿದವರಿಗೆ ಸುಲಭವಲ್ಲ.

ಆ ವರ್ಷ ಅವರ ಬಲ ಮೊಣಕಾಲು ಊದಿಕೊಂಡು ಲಿಫ್ಟಿಲ್ಲದ ನಮ್ಮ ಕಟ್ಟಡದಲ್ಲಿ ಎರಡು ವಾರ ಮನೆಯಿಂದ ಆಚೆ ಬರಲಿಲ್ಲ. ನೋಡಲು ಹೋದಾಗ ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದರು.

"ಡಾಕ್ಟರು ಏನು ಹೇಳಿದ್ರು?"

"ಎಂತ ಹೇಳುದು ಸರ್. ಹುಲ್ಲಿನ ಮೇಲೆ ಆಡುದಾದ್ರೆ ಆಡಿ, ಜಲ್ಲಿ ಮೇಲಾದ್ರೆ ಇನ್ನು ಖಲಾಸ್ ಅಂತ." ಸ್ವಲ್ಪ ಹೊತ್ತು ಮೊಣಕಾಲನ್ನೇ ನೋಡಿದರು. "ಒಮಾನಿನಲ್ಲಿ ಹುಲ್ಲು. ಮೇಕೆಗೇ ಸಿಗುದಿಲ್ಲ, ನನಗೆ ಎಲ್ಲಿಂದ ತರುದು?"

ಹುಲ್ಲು ಇಲ್ಲವೆಂದಲ್ಲ. ಅಲ್ ಖೌದ್ ಕಡೆಗೆ ಒಂದು ದೊಡ್ಡ ಕಂಪನಿಯ ಮೈದಾನವಿದೆ, ಹಸಿರೆಂದರೆ ಹಸಿರು, ದೀಪದ ಕಂಬಗಳೂ ಇವೆ. ಆದರೆ ವಾರದ ಏಳೂ ಸಂಜೆಗಳು ಯಾರು ಯಾರದ್ದೋ ಹೆಸರಿನಲ್ಲಿ ಹಂಚಿಹೋಗಿದ್ದವು. ಕರಾವಳಿಯ ಕಬಡ್ಡಿಗೆ ಅದರಲ್ಲಿ ಜಾಗವಿರಲಿಲ್ಲ.

ಕೆಲವು ವಾರಗಳ ಮೇಲೆ ಕ್ಯಾಪ್ಟನ್ ಕುಂಟುತ್ತಾ ಒಂದು ಮಹಡಿ ಹತ್ತಿ ನಮ್ಮ ಮನೆಗೆ ಬಂದರು. ಅವರ ಕಂಪನಿ ತರಕಾರಿ ಹಾಕುವ ಒಂದು ಶಾಲೆಯಲ್ಲಿ ಆಟ ಕಲಿಸುವ ಆಸ್ಟ್ರೇಲಿಯಾದ ಟೀಚರ್ ಒಬ್ಬರಿದ್ದಾರಂತೆ. ಆ ಟೀಚರ್ ಮತ್ತು ಅವರ ದೇಶದ ಇನ್ನು ಕೆಲವರು ಸೇರಿ ವರ್ಷಕ್ಕೊಮ್ಮೆ ಅದೇ ಹಸಿರು ಮೈದಾನದಲ್ಲಿ ಹೊನಲು ಬೆಳಕಿನ ಪಂದ್ಯಾವಳಿ ನಡೆಸುತ್ತಾರಂತೆ. ಆಟ ಅವರ ದೇಶದ ಫುಟ್‌ಬಾಲ್. ಎಂಟು ಕ್ಲಬ್ಬುಗಳು, ಸೋತವರು ಅಲ್ಲೇ ಮನೆಗೆ. ಈ ಸಲ ಒಂದು ಕ್ಲಬ್ಬು ಬರುವುದಿಲ್ಲ ಎಂದಿದೆ, ಎಂಟನೆಯ ತಂಡ ಬೇಕಾಗಿದೆ.

"ನಿಮಗೆ ಆ ಆಟ ಗೊತ್ತಾ?" ಎಂದೆ.

"ಗೊತ್ತಿಲ್ಲ. ಆದ್ರೆ ಮೊದಲನೇ ಸುತ್ತು ಗೆದ್ದವರಿಗೆ ವರ್ಷಪೂರ್ತಿ ವಾರಕ್ಕೊಂದು ಸಂಜೆ ಮೈದಾನ ಬಿಟ್ಟುಕೊಡ್ತಾರೆ. ಎಂತ ಆಟ ಬೇಕಾದ್ರೂ ಆಡ್ಬಹುದು." ಅವರು ಮೊಣಕಾಲನ್ನು ತಟ್ಟಿದರು. "ಒಂದೇ ಒಂದು ಪಂದ್ಯ ಸರ್. ನಮ್ಮ ಪಂದ್ಯಕ್ಕೆ ಇಟ್ಟದ್ದು ಮಂಗಳವಾರದ ಸಂಜೆ. ಗೆದ್ರೆ ಮಂಗಳವಾರ ನಮ್ಮದು."

"ನಿಮ್ಮ ಕಾಲು?"

"ಹುಲ್ಲಿನ ಮೇಲೆ ಅಲ್ವಾ. ಡಾಕ್ಟರು ಬೇಡ ಅನ್ಲಿಲ್ಲ."

ಪಂದ್ಯಾವಳಿಯ ಫಲಕದಲ್ಲಿ 'ರಾಷ್ಟ್ರೀಯ' ಎಂಬ ಪದವಿತ್ತು. ಯಾವ ರಾಷ್ಟ್ರದ್ದು ಎಂದು ನಾನು ಕೇಳದೆ ಇರಲಿಲ್ಲ. ಆಟ ಆಸ್ಟ್ರೇಲಿಯಾದ್ದು, ನೆಲ ಒಮಾನಿನದು, ಆಡುವವರಲ್ಲಿ ಐರಿಷರು, ದಕ್ಷಿಣ ಆಫ್ರಿಕಾದವರು, ಮಸ್ಕತ್ತಿನ ಕೆಲವು ಒಮಾನಿ ಯುವಕರು, ಈಗ ಕರಾವಳಿಯ ಕಬಡ್ಡಿಯವರು. ಆದರೆ ಸೋಹಾರ್, ಸಲಾಲಾ, ನಿಜ್ವಾ ಎಲ್ಲ ಕಡೆಯಿಂದ ಕ್ಲಬ್ಬುಗಳು ಬರುವುದರಿಂದ ರಾಷ್ಟ್ರೀಯ ಎನ್ನಲು ಅಡ್ಡಿಯಿಲ್ಲ ಎಂದು ಕ್ಯಾಪ್ಟನ್ ವಾದಿಸಿದರು. "ನಾವೂ ಈ ರಾಷ್ಟ್ರದ ಟೊಮೆಟೊ ತಿನ್ತೇವಲ್ಲ ಮಾರಾಯ್ರೆ, ಸಾಕು."

ಅವರು ನನ್ನ ಮನೆಗೆ ಬಂದ ಕಾರಣವೇ ಬೇರೆ. ಪ್ರತಿ ತಂಡವೂ ಗೋಲು ಕಾಯುವ ಅಂಪೈರ್ ಒಬ್ಬರನ್ನು ಕೊಡಬೇಕಿತ್ತು. ಆಡುವವನಾಗಿರಬಾರದು, ಪಕ್ಷಪಾತ ಮಾಡುವವನಾಗಿರಬಾರದು.

"ತುಳುವಿನವರನ್ನು ನಿಲ್ಲಿಸಿದ್ರೆ ಉಳಿದವರು ನಂಬುದಿಲ್ಲ," ಎಂದರು. "ನೀವು ಮೈಸೂರಿನವರು. ಮತ್ತೆ, ನೀವು ಯಾರ ಮಾತನ್ನೂ ಒಪ್ಪುದಿಲ್ಲ. ನಿಮಗಿಂತ ಒಳ್ಳೆ ಅಂಪೈರ್ ಎಲ್ಲಿ ಸಿಗ್ತಾನೆ?"

ಹೆಂಡತಿ ಕಾಫಿ ತಂದಿಟ್ಟು, "ಇವರ ಕೈಲಿ ತೀರ್ಪು ಕೊಡಿಸಿದ್ರೆ ಪಂದ್ಯ ಮುಗಿಯೋದು ಮುಂದಿನ ರಂಜಾನಿಗೆ" ಎಂದಳು.

ಆಟದ ನಿಯಮಗಳನ್ನು ಟೀಚರ್ ಒಂದು ಸಂಜೆ ಹೇಳಿಕೊಟ್ಟರು. ಎತ್ತರದ, ಬಿಸಿಲಿಗೆ ಕೆಂಪಾದ ಮುಖದ ಹೆಂಗಸು. ಮೈದಾನದ ನಡುವೆ ಓಡುವ ಮುಖ್ಯ ಅಂಪೈರ್ ಅವರೇ. ಚೆಂಡು ದುಂಡಗಿಲ್ಲ, ದೊಡ್ಡ ಮಾವಿನ ವಾಟೆಯ ಹಾಗೆ. ಎರಡೂ ಕಡೆ ನಾಲ್ಕು ನಾಲ್ಕು ಕಂಬ. ಒದ್ದ ಚೆಂಡು ಯಾರ ಕೈಯೂ ತಾಗದೆ ನಡುವಿನ ಎರಡು ಎತ್ತರದ ಕಂಬಗಳ ನಡುವೆ ಹಾದುಹೋದರೆ ಗೋಲು, ಆರು ಅಂಕ. ಪಕ್ಕದ ಕಂಬದ ಒಳಗೆ ಹೋದರೆ, ಅಥವಾ ದಾರಿಯಲ್ಲಿ ಯಾರದಾದರೂ ಬೆರಳು ತಾಗಿದ್ದರೆ, ಬರೀ ಒಂದು ಅಂಕ. ಗೆರೆಯ ಮೇಲೆ ನಿಂತು ಇದನ್ನು ನೋಡಿ ಹೇಳುವುದು ಗೋಲಿನ ಅಂಪೈರ್. ಗೋಲಾದರೆ ಎರಡು ಬಾವುಟ ಬೀಸಬೇಕು, ಒಂದು ಅಂಕವಾದರೆ ಒಂದು ಬಾವುಟ.

"ನನಗೆ ಸಂಶಯ ಬಂದರೆ?" ಎಂದೆ.

"ಸಂಶಯವಿದ್ದರೆ ಕಡಿಮೆ ಅಂಕ ಕೊಡಬೇಕು," ಎಂದರು ಟೀಚರ್. "ಅದೇ ನಿಯಮ. ಸಂಶಯಕ್ಕೆ ಒಂದು ಅಂಕ."

ಮನೆಗೆ ಬರುವಾಗ ದಾರಿಯುದ್ದಕ್ಕೂ ಇದನ್ನೇ ಹೇಳಿಕೊಳ್ಳುತ್ತಾ ಬಂದೆ. ಸಂಶಯ ಪಡುವವನನ್ನು ಜನ ಸಹಿಸಿಕೊಳ್ಳುತ್ತಾರೆ, ನಗುತ್ತಾರೆ, ಬೇಗ ಹೇಳಿ ಎನ್ನುತ್ತಾರೆ. ಸಂಶಯಕ್ಕೂ ಒಂದು ಜಾಗ ಮಾಡಿ, ಅದಕ್ಕೊಂದು ಬೆಲೆ ಕಟ್ಟಿ, ನಿಯಮದಲ್ಲಿ ಬರೆದಿಟ್ಟ ಆಟವನ್ನು ನಾನು ಮೊದಲ ಸಲ ನೋಡುತ್ತಿದ್ದೆ. ನನ್ನಂಥವನೇ ಯಾರೋ ಅದನ್ನು ಬರೆದಿರಬೇಕು ಅನಿಸಿತು.

ಬಾವುಟಗಳನ್ನು ಹೆಂಡತಿ ಹೊಲಿದಳು. ಬಟ್ಟೆ ಕ್ಯಾಪ್ಟನ್ನರ ಹಳೆಯ ಬಿಳಿ ಪಂಚೆ. ಒಂದು ಪಂಚೆಯಲ್ಲಿ ಎರಡು ಬಾವುಟ, ಉಳಿದದ್ದು ಒರೆಸುವ ಬಟ್ಟೆ.

ಪಂದ್ಯದ ಸಂಜೆ, ಸೂರ್ಯ ಮುಳುಗಿದಾಗಿನ ಮಗ್ರಿಬ್ ನಮಾಜು ಮುಗಿದ ಮೇಲೆ ದೀಪಗಳು ಹೊತ್ತಿದವು. ಹುಲ್ಲಿನ ವಾಸನೆ ಬರುತ್ತಿತ್ತು. ಆಗಷ್ಟೇ ನೀರು ಬಿಟ್ಟಿದ್ದರು. ನಮ್ಮವರು ಚಪ್ಪಲಿ ಬಿಚ್ಚಿ ಸುಮ್ಮನೆ ಅದರ ಮೇಲೆ ನಡೆದಾಡಿದರು. ಒಬ್ಬರು ಕೂತು ಅಂಗೈಯಿಂದ ಸವರಿದರು. ಎದುರಾಳಿ ಸೋಹಾರಿನ ಕ್ಲಬ್ಬು. ಅದರ ನಾಯಕ ಬಂದರಿನಲ್ಲಿ ಎಂಜಿನಿಯರ್, ಕೆಂಪು ಗಡ್ಡದ ಭಾರೀ ಆಳು. ನಮ್ಮವರು ಹುಲ್ಲು ಸವರುವುದನ್ನು ಅವನು ನೋಡುತ್ತಾ ನಿಂತಿದ್ದ. ಇದು ಯಾವುದೋ ಪೂಜೆ ಎಂದುಕೊಂಡಿರಬೇಕು.

ಮೊದಲರ್ಧದಲ್ಲಿ ನಮ್ಮವರು ಕಬಡ್ಡಿಯನ್ನೇ ಆಡಿದರು. ಎದುರಾಳಿಯ ಕಾಲು ಹಿಡಿದು ಎಳೆದರು; ಈ ಆಟದಲ್ಲಿ ಮೊಣಕಾಲಿನ ಕೆಳಗೆ ಹಿಡಿಯುವಂತಿಲ್ಲ, ಟೀಚರ್ ಸೀಟಿ ಊದಿದರು. ನಮ್ಮ ತಂಡದ ಅತಿ ಚುರುಕಿನ ದಾಳಿಕಾರ, ವೆಲ್ಡಿಂಗ್ ಕೆಲಸದವರು, ಚೆಂಡು ಹಿಡಿದು ಓಡುವಾಗ ಸೋಹಾರಿನ ಮೂವರು ಸೇರಿ ಅವರನ್ನು ಕೆಡವಿದರು. ಹಾಗೆ ಕೆಡವಿದಾಗ ತಕ್ಷಣ ಚೆಂಡನ್ನು ಬಿಟ್ಟುಕೊಡಬೇಕು. ಅವರು ಚೆಂಡನ್ನು ಎದೆಗೆ ಅವುಚಿಕೊಂಡು, ಇನ್ನೊಂದು ಕೈ ಚಾಚಿ, ಮೈದಾನದ ನಡುಗೆರೆಯನ್ನು ಮುಟ್ಟಿ, ಗೆದ್ದೆನೆಂದು ಎದ್ದು ನಿಂತು ತೊಡೆ ತಟ್ಟಿದರು. ಟೀಚರ್ ಮತ್ತೆ ಸೀಟಿ ಊದಿ ಚೆಂಡನ್ನು ಸೋಹಾರಿಗೆ ಕೊಟ್ಟರು.

"ಗೆರೆ ಮುಟ್ಟಿದೆ, ನೋಡಿ, ಗೆರೆ," ಎಂದು ವೆಲ್ಡಿಂಗಿನವರು ಹಿಂದಿಯಲ್ಲಿ ವಿವರಿಸುತ್ತಿದ್ದರು.

"ಅದು ಅವ್ರಿಗೆ ಬೇಡದ ಗೆರೆ," ಎಂದು ಕ್ಯಾಪ್ಟನ್ ಎಳೆದುಕೊಂಡು ಹೋದರು. "ಯಲ್ಲಾ, ಮಂಡೆ ಬಿಸಿ ಮಾಡ್ಬೇಡ. ನಡೆ."

ದ್ವಿತೀಯಾರ್ಧದಲ್ಲಿ ಕ್ಯಾಪ್ಟನ್ ಒಂದು ಉಪಾಯ ಮಾಡಿದರು, ಅಥವಾ ಅದು ಉಪಾಯವಲ್ಲ, ಅಭ್ಯಾಸಬಲದಿಂದ ಆದದ್ದು. ಕಬಡ್ಡಿಯಲ್ಲಿ ದಾಳಿಕಾರ ಒಳಗೆ ಬಂದಾಗ ಕಾಯುವವರು ಕೈ ಕೈ ಹಿಡಿದು ಸರಪಳಿ ಮಾಡುತ್ತಾರೆ. ಸೋಹಾರಿನವರು ನಮ್ಮ ಗೋಲಿನ ಬಳಿ ಬಂದಾಗಲೆಲ್ಲ ನಮ್ಮವರು ಕಂಬಗಳ ಮುಂದೆ ಕೈ ಕೈ ಹಿಡಿದು ನಿಂತುಬಿಟ್ಟರು. ಸೋಹಾರಿನವರು ಓಡಿ ಬಂದವರು ನಿಂತರು. ಇಂಥದ್ದನ್ನು ಅವರು ಕಂಡಿರಲಿಲ್ಲ. ಟೀಚರ್ ಸೀಟಿಯನ್ನು ಬಾಯಲ್ಲಿಟ್ಟುಕೊಂಡು ಯೋಚಿಸಿದರು. ತನ್ನದೇ ತಂಡದವನ ಕೈ ಹಿಡಿಯಬಾರದು ಎಂದು ನಿಯಮದಲ್ಲಿ ಎಲ್ಲೂ ಇರಲಿಲ್ಲ. ಸೀಟಿ ಊದಲಿಲ್ಲ. ಸೋಹಾರಿನವರು ಗೊಂದಲದಲ್ಲಿ ಪಕ್ಕಕ್ಕೆ ಒದೆಯತೊಡಗಿದರು. ಇತ್ತ ವೆಲ್ಡಿಂಗಿನವರು ಉಸಿರು ಬಿಗಿಹಿಡಿದು ಓಡಿ ಓಡಿ ಗೋಲು ಹೊಡೆದರು. ಪಂದ್ಯ ಮುಗಿಯಲು ಬಂದಾಗ ನಮ್ಮವರು ಎರಡು ಅಂಕ ಮುಂದಿದ್ದರು.

ಆಗ ನಡೆದದ್ದನ್ನು ನಿಧಾನವಾಗಿ ಹೇಳುತ್ತೇನೆ.

ನಾನು ನಮ್ಮ ತಂಡ ಕಾಯುತ್ತಿದ್ದ ಕಂಬಗಳ ನಡುವೆ, ಗೆರೆಯ ಮೇಲಿದ್ದೆ. ಕೆಂಪು ಗಡ್ಡದವನು ಚೆಂಡನ್ನು ಎತ್ತರಕ್ಕೆ ಒದ್ದ. ಅದು ತಲೆಕೆಳಗಾಗಿ ಉರುಳುತ್ತಾ, ದೀಪದ ಬೆಳಕಿಗೆ ಮಿನುಗುತ್ತಾ ಬಂತು. ನಮ್ಮವರ ಸರಪಳಿ ನನ್ನ ಮುಂದೆಯೇ ಇತ್ತು, ಬಲತುದಿಯಲ್ಲಿ ಕ್ಯಾಪ್ಟನ್. ಚೆಂಡು ಅವರ ತಲೆಯ ಮೇಲೆ ಬರುತ್ತಿದೆ ಎಂದು ಕಂಡಾಗ ಅವರು ನೆಗೆದರು. ಅವರ ಎಡಗೈಯನ್ನು ಪಕ್ಕದವನು ಬಿಡಲಿಲ್ಲ. ಸರಪಳಿ ಬಿಡಬಾರದೆಂದು ಅವರೇ ಹೇಳಿಕೊಟ್ಟದ್ದು. ಬಲಗೈ ಒಂದೇ ಮೇಲೆ ಹೋಯಿತು, ಮೈ ಎಡಕ್ಕೆ ವಾಲಿತು. ಚೆಂಡು ಬೆರಳಿನ ಮೇಲಿಂದ ಹಾದು, ನನ್ನ ಮೇಲಿಂದ ಹಾದು, ಹಿಂದಕ್ಕೆ ಬಿತ್ತು. ಅದೇ ಕ್ಷಣಕ್ಕೆ ಆಟ ಮುಗಿದ ಸೈರನ್ ಕೂಗಿತು.

ಗೋಲಾದರೆ ಆರು ಅಂಕ, ಸೋಹಾರ್ ಗೆದ್ದಂತೆ. ಬೆರಳು ತಾಗಿದ್ದರೆ ಒಂದು ಅಂಕ. ಆಗಲೂ ನಮ್ಮವರು ಒಂದು ಅಂಕ ಮುಂದೆ, ಮಂಗಳವಾರ ಕ್ಯಾಪ್ಟನ್ನರದು.

"ಮುಟ್ಟಿದೆ," ಎಂದರು ಕ್ಯಾಪ್ಟನ್. ಬಲಗೈಯ ನಡುಬೆರಳನ್ನು ಎತ್ತಿ ಹಿಡಿದು ನನ್ನ ಬಳಿ ಬಂದರು. "ಸರ್, ಮುಟ್ಟಿದೆ."

ಟೀಚರ್ ಓಡಿ ಬಂದರು. ಕೆಂಪು ಗಡ್ಡದವನೂ ಬಂದ. ಅವನು ಸೊಂಟದ ಮೇಲೆ ಕೈಯಿಟ್ಟು ನಿಂತ.

"ನಾನು ದೂರದಲ್ಲಿದ್ದೆ, ನನಗೆ ಕಾಣಲಿಲ್ಲ," ಎಂದರು ಟೀಚರ್. "ನಿನಗೆ ಏನು ಕಂಡಿತು?"

ನಾನು ಬಾಯಿ ತೆರೆಯುವ ಮೊದಲೇ ಕ್ಯಾಪ್ಟನ್ ಕನ್ನಡದಲ್ಲಿ ಮೆಲ್ಲಗೆ ಶುರು ಮಾಡಿದರು. "ಸರ್, ಸುಳ್ಳು ಹೇಳಿ ಅಂತ ನಾನು ಹೇಳುದಿಲ್ಲ. ಮುಟ್ಟಿದ್ದು ನೋಡಿದೆ ಅಂತಲೂ ಹೇಳ್ಬೇಡಿ. ಸಂಶಯ ಉಂಟು ಅಂತ ಹೇಳಿ, ಅಷ್ಟು ಸಾಕು. ನಿಮಗೆ ಸಂಶಯ ಇಲ್ಲದೆ ಇದ್ದದ್ದು ಯಾವಾಗ?"

"ಕ್ಯಾಪ್ಟನ್, ಸುಮ್ನಿರಿ."

"ಕಾರಿನ ಬೀಗಕ್ಕೆ ಮೂರು ಸಲ ಇಳಿದು ಹೋಗ್ತೀರಿ. ಇದಕ್ಕೆ ಒಂದು ಸಲ ಸಂಶಯ ಪಡ್ಲಿಕ್ಕೆ ಆಗುದಿಲ್ವಾ? ಬೇಕಾದ್ರೆ ನಾನು ದೈವದ ಆಣೆ ಹಾಕ್ತೇನೆ."

"ಆಣೆ ಬೇಡ. ಆಣೆಯಿಂದ ಚೆಂಡು ಹಿಂದೆ ಬರಲ್ಲ."

ಅವರು ಕೇಳಿದ್ದು ನ್ಯಾಯವಾಗಿತ್ತು ಎಂಬುದೇ ಕಷ್ಟ. ನಾನು ಜೀವನವಿಡೀ ಸಂಶಯ ಪಟ್ಟವನು. ಸಂಶಯಕ್ಕಾಗಿಯೇ ಮಾಡಿಟ್ಟ ನಿಯಮ ಕೈಯಲ್ಲಿತ್ತು. 'ಖಚಿತವಿಲ್ಲ' ಎಂಬ ಒಂದು ಮಾತು, ಒಂದು ಬಾವುಟ. ಕೆಳಗಿನ ಮನೆಯ ಮನುಷ್ಯನಿಗೆ ಹುಲ್ಲು ಸಿಗುತ್ತದೆ, ಮೊಣಕಾಲು ಉಳಿಯುತ್ತದೆ, ಆಟ ಉಳಿಯುತ್ತದೆ. ನನ್ನನ್ನು ಯಾರೂ ದೂರುವಂತಿರಲಿಲ್ಲ. ನಾನು ಸಂಶಯಕ್ಕಾಗಿ ಒಳಗೆಲ್ಲ ಹುಡುಕಿದೆ. ಸಾಮಾನ್ಯವಾಗಿ ಕರೆಯದೆಯೇ ಬರುವಂಥದ್ದು ಅದು. ಆವತ್ತು ಬರಲಿಲ್ಲ. ಬೆರಳಿಗೂ ಚೆಂಡಿಗೂ ನಡುವೆ ದೀಪದ ಬೆಳಕು ಕಂಡಿತ್ತು. ಚೆಂಡು ಬರುವಾಗ ಹೇಗೆ ಉರುಳುತ್ತಿತ್ತೋ, ಬೆರಳನ್ನು ದಾಟಿದ ಮೇಲೂ ಹಾಗೆಯೇ ಉರುಳಿತು; ಒಂದಿಷ್ಟೂ ತಡವರಿಸಲಿಲ್ಲ. ಅಂಥ ಚೆಂಡಿಗೆ ಉಗುರು ತಾಗಿದರೂ ಅದು ಓಲಾಡುತ್ತದೆ.

"ತಾಗಲಿಲ್ಲ," ಎಂದೆ ಟೀಚರಿಗೆ.

"ಖಚಿತವಾ?"

"ಖಚಿತ."

ಆ ಪದ ನನ್ನ ಬಾಯಲ್ಲಿ ಎಷ್ಟು ಅಪರಿಚಿತವಾಗಿತ್ತೆಂದರೆ ಕ್ಯಾಪ್ಟನ್ ಕೂಡ ಬೆರಳನ್ನು ಕೆಳಗಿಳಿಸಿ ನನ್ನ ಮುಖ ನೋಡಿದರು. ನಾನು ಎರಡು ಬಾವುಟಗಳನ್ನೂ ಎತ್ತಿ ಬೀಸಿದೆ. ಸೋಹಾರಿನ ಕಡೆಯಿಂದ ಕೂಗು ಎದ್ದಿತು. ನಮ್ಮ ಕಡೆ ವೆಲ್ಡಿಂಗಿನವರು ಹುಲ್ಲಿನ ಮೇಲೆ ಅಂಗಾತ ಮಲಗಿಬಿಟ್ಟರು. ಹೇಗೂ ಇದೇ ಕೊನೆ, ಇನ್ನಷ್ಟು ಹೊತ್ತು ಮಲಗಿರುತ್ತೇನೆ ಎಂಬಂತೆ.

"ನನ್ನ ಪಂಚೆ," ಎಂದರು ಕ್ಯಾಪ್ಟನ್, ಬಾವುಟಗಳನ್ನು ನೋಡುತ್ತಾ. "ನನ್ನದೇ ಪಂಚೆ ಬೀಸಿ ನನ್ನನ್ನೇ ಕಳಿಸಿದ್ರಲ್ಲ ಮಾರಾಯ್ರೆ." ಅಷ್ಟು ಹೇಳಿ ಕುಂಟುತ್ತಾ ಹೋದರು.

ನಾನು ಜಾಕೆಟ್ ಬಿಚ್ಚಿ (ಕೋಟೆಂದು ಬರೆಯಲು ಹೋದೆ, ನೋಡಿ) ಬಾವುಟಗಳನ್ನು ಮಡಚಿದೆ. ಹೆಂಡತಿ ಬಂದು ಪಕ್ಕದಲ್ಲಿ ನಿಂತಳು. ಅವಳು ಏನಾದರೂ ಕುಟುಕುತ್ತಾಳೆ ಎಂದುಕೊಂಡೆ. "ಬೇಗ ಹೇಳಿದ್ರಿ, ಪರವಾಗಿಲ್ಲ" ಎಂದಳು. ಆಮೇಲೆ, "ಅವರ ಮನೆಯವರು ಇನ್ನು ದೋಸೆ ಹಿಟ್ಟು ಕೊಡ್ತಾರೋ ಇಲ್ವೋ" ಎಂದಳು.

ಮೈದಾನದ ಆಚೆ ತುದಿಯಲ್ಲಿ ಎರಡು ತಂಡಗಳೂ ಸಾಲಾಗಿ ಕೈಕುಲುಕುತ್ತಿದ್ದವು. ಅಲ್ಲಿ ಆದದ್ದನ್ನು ನಾನು ಕಣ್ಣಾರೆ ನೋಡಲಿಲ್ಲ, ಕ್ಯಾಪ್ಟನ್ನರಿಂದ ಕೇಳಿದ್ದು. ಮರುದಿನ ಸಂಜೆ ಬಾಗಿಲು ಬಡಿದ ಸದ್ದಾಯಿತು. ಬೈಯಲು ಬಂದಿದ್ದಾರೆ ಎಂದು ಬಾಗಿಲು ತೆರೆದೆ. ಒಂದು ಪೆಟ್ಟಿಗೆ ಸೌತೆಕಾಯಿ ಹಿಡಿದು ನಿಂತಿದ್ದರು.

"ಇದು ಹೆಚ್ಚಾಗಿತ್ತು, ತಂದೆ," ಎಂದು ಒಳಗೆ ಬಂದು ಕೂತರು. ಬಲಗೈಯ ನಡುಬೆರಳು ಸ್ವಲ್ಪ ಊದಿತ್ತು. ನಾನು ಅದನ್ನು ನೋಡಿದ್ದನ್ನು ಅವರೂ ನೋಡಿದರು. "ಇದು ಸಾಕ್ಷಿ ಅಲ್ಲ ಅಂತ ನೀವು ಹೇಳ್ತೀರಿ, ಗೊತ್ತುಂಟು. ಇವತ್ತು ಪೆಟ್ಟಿಗೆ ಎತ್ತುವಾಗ ಆಗಿರ್ಬಹುದು ಅಂತ ಹೇಳ್ತೀರಿ."

"ಆಗಿರಬಹುದಲ್ಲ?"

"ಆಗಿರ್ಬಹುದು," ಎಂದು ಒಪ್ಪಿಕೊಂಡರು. "ಅದು ಬಿಡಿ. ಮಂಗಳವಾರ ನಮ್ಮದೇ."

ನನಗೆ ಅರ್ಥವಾಗಲಿಲ್ಲ. ಅವರು ಕಾಲು ಚಾಚಿ ಸಾವಕಾಶವಾಗಿ ಹೇಳಿದರು. ಕೈಕುಲುಕಲು ನಡೆದು ಹೋಗುವಾಗ ಅವರಿಗೆ ಒಂದು ವಿಷಯ ಹೊಳೆಯಿತಂತೆ. ಸೋಹಾರ್ ಇಲ್ಲಿಂದ ಕಾರಿನಲ್ಲಿ ಎರಡು ಗಂಟೆ. ಕೆಲಸದ ದಿನ, ಮಂಗಳವಾರ ಸಂಜೆ, ಆಟದ ಅಭ್ಯಾಸಕ್ಕೆ ಅಲ್ಲಿಂದ ಯಾವ ಹುಚ್ಚ ಇಲ್ಲಿಗೆ ಬರುತ್ತಾನೆ? ಹಿಂದಿನ ವರ್ಷಗಳಲ್ಲಿ ಮಸ್ಕತ್ತಿನ ಕ್ಲಬ್ಬುಗಳೇ ಗೆಲ್ಲುತ್ತಿದ್ದುದರಿಂದ ಇದನ್ನು ಯಾರೂ ಯೋಚಿಸಿರಲಿಲ್ಲ. ಮಾರುಕಟ್ಟೆಯಲ್ಲಿ ಒಬ್ಬನಿಗೆ ಬೇಡದ ಸರಕು ಯಾವಾಗ ಕೈಗೆ ಬರುತ್ತದೆ ಎಂದು ಕಾದು ಕಾದು ಪಳಗಿದವರು ಕ್ಯಾಪ್ಟನ್. ಕೆಂಪು ಗಡ್ಡದವನ ಕೈ ಹಿಡಿದವರು ಬಿಡಲಿಲ್ಲ.

"ನಿಮಗೆ ಮಂಗಳವಾರ ಬೇಡ, ನಮಗೆ ಬೇಕು. ನಮಗೆ ಕೊಡ್ತೀರಾ ಅಂತ ಕೇಳಿದೆ."

"ಅವನು?"

"ಅವ ನನ್ನ ಮುಖ ನೋಡಿದ. ನೋಡಿ, ಮೊದಲು ಒಂದು ಹೇಳು, ಮುಟ್ಟಿದ್ಯಾ ಅಂತ ಕೇಳಿದ."

ನಾನು ನಡೆಯುವುದನ್ನು ನಿಲ್ಲಿಸಿದೆ. ಹೆಂಡತಿಯೂ ಅಡುಗೆಮನೆಯ ಬಾಗಿಲಿಗೆ ಬಂದಳು. ಮುಟ್ಟಿದೆ ಎಂದರೆ, ನಿನ್ನ ಗೆಲುವು ಸುಳ್ಳು ಎಂದು ಅವನ ಮುಖಕ್ಕೆ ಹೇಳಿ ಅವನಿಂದಲೇ ಹುಲ್ಲು ಬೇಡಿದ ಹಾಗೆ. ಮುಟ್ಟಲಿಲ್ಲ ಎಂದರೆ, ಈಗಷ್ಟೇ ಎಲ್ಲರೆದುರು ಬೆರಳೆತ್ತಿದ್ದು ನಾಟಕ ಎಂದ ಹಾಗೆ.

"ಏನು ಹೇಳಿದ್ರಿ?"

"ಎಂತ ಹೇಳುದು? ಮುಟ್ಟಲಿಲ್ಲ ಅಂತ ಅಂಪೈರ್ ಹೇಳಿದ್ದಾರೆ, ಅಂಪೈರ್ ನಮ್ಮ ಕಟ್ಟಡದವರೇ, ಅಂದೆ."

ಕೆಂಪು ಗಡ್ಡದವನಿಗೆ ನಗು ತಡೆಯಲಾಗಲಿಲ್ಲವಂತೆ. ಸ್ವಂತ ಕಟ್ಟಡದವನೇ ತನ್ನವರನ್ನು ಸೋಲಿಸಿದನೇ ಎಂದು ಎರಡೆರಡು ಸಲ ಕೇಳಿದನಂತೆ. ಆಮೇಲೆ ಟೀಚರನ್ನು ಕರೆದು, ಮಂಗಳವಾರ ಇವರಿಗೆ ಎಂದನಂತೆ. ಒಂದು ಷರತ್ತು: ಆ ಕೈ ಕೈ ಹಿಡಿಯುವ ವಿದ್ಯೆಯನ್ನು ತನ್ನವರಿಗೆ ಒಂದು ದಿನ ಕಲಿಸಬೇಕು.

"ನೀವು ಸಂಶಯ ಅಂತ ಹೇಳಿದ್ರೆ ನಾವು ಗೆಲ್ತಿದ್ದೆವು," ಎಂದರು ಕ್ಯಾಪ್ಟನ್ ಏಳುತ್ತಾ. "ಗೆದ್ದು ಮಂಗಳವಾರ ತಗೊಳ್ತಿದ್ದೆವು. ಈಗ ಸೋತು ತಗೊಂಡೆವು. ನನಗೆ ಅಷ್ಟೇ ವ್ಯತ್ಯಾಸ. ಆದ್ರೂ ನಿಮ್ಮ ಮೇಲೆ ಸಿಟ್ಟು ಇಳಿದಿಲ್ಲ. ಸೌತೆಕಾಯಿ ಫ್ರಿಜ್ಜಿನಲ್ಲಿಡಿ."

ಅಂದಿನಿಂದ ಮಂಗಳವಾರ ಸಂಜೆ ಅಲ್ ಖೌದ್‌ನ ಆ ಹುಲ್ಲಿನ ಮೇಲೆ ಕಬಡ್ಡಿ ನಡೆಯುತ್ತಿದೆ. ಮರುವರ್ಷ ಪಂದ್ಯಾವಳಿಯಲ್ಲಿ ನಮ್ಮವರು ಮತ್ತೆ ಮೊದಲನೇ ಸುತ್ತಿನಲ್ಲೇ ಸೋತರು, ಅದೂ ದೊಡ್ಡ ಅಂತರದಿಂದ. ಸರಪಳಿಯನ್ನು ಹೇಗೆ ಒಡೆಯಬೇಕೆಂದು ಅಷ್ಟರಲ್ಲಿ ಎಲ್ಲರೂ ಕಲಿತಿದ್ದರು. ಸೋಹಾರಿನವರು ಮಾತ್ರ ಮತ್ತೆ ಗೆದ್ದು, ಮತ್ತೆ ಮಂಗಳವಾರವನ್ನು ನಮ್ಮವರಿಗೇ ಬಿಟ್ಟರು. ಕ್ಯಾಪ್ಟನ್ ಈಗ ಮೊದಲಿನಷ್ಟು ದಾಳಿಗೆ ಹೋಗುವುದಿಲ್ಲ, ಆದರೆ ಹೋದಾಗ ಆ ಹಳೆಯ ಚಳಕ ಇದೆ. ಬೆರಳ ತುದಿಯಿಂದ ಸವರಿ, ಸವರಿಸಿಕೊಂಡವನಿಗೂ ತಿಳಿಯದ ಹಾಗೆ ಹಿಂದೆ ಬರುತ್ತಾರೆ. ಬಾವುಟಗಳು ಅಂಕಣದ ಎರಡು ಮೂಲೆಗಳಲ್ಲಿ ನಿಂತಿರುತ್ತವೆ. ನಾನು ಹೊರಗೆ ಅವರ ಚಪ್ಪಲಿಗಳ ಪಕ್ಕದಲ್ಲಿ ಅಡ್ಡಾಡುತ್ತಿರುತ್ತೇನೆ.

ಫೋಟೋ ನೋಡಿದ ಮೇಲೆ ನಾನು ಒಂದು ವಿಚಿತ್ರ ಗಮನಿಸಿದೆ. ಆ ಸಂಜೆಯ ಮರುದಿನ ನನ್ನ ನೆನಪಿನಲ್ಲಿ ಬೆರಳಿಗೂ ಚೆಂಡಿಗೂ ನಡುವೆ ಇದ್ದ ಬೆಳಕು ಒಂದು ದಾರದಷ್ಟು ಮಾತ್ರ. ಈಗ ನೆನೆದರೆ ಅಲ್ಲಿ ಒಂದು ನಿಂಬೆಹಣ್ಣು ಹಾದುಹೋಗುತ್ತದೆ. ನಿಜವಾದ ಅಂತರ ಹೀಗೆ ಬೆಳೆಯುವುದಿಲ್ಲ. ನನ್ನ ನೆನಪು ನನ್ನ ಪರವಾಗಿ ಓಡುವ ಮೀಟರು, ಬಳಸಿದಷ್ಟೂ ಮುಂದೆ. ಇನ್ನು ಕೆಲವು ವರ್ಷಕ್ಕೆ ಕ್ಯಾಪ್ಟನ್ ನೆಗೆದೇ ಇರಲಿಲ್ಲ ಎಂದು ಅದು ಹೇಳಿದರೂ ಆಶ್ಚರ್ಯವಿಲ್ಲ. ಹಾಗಾಗಿ ಆ ಚಿತ್ರವನ್ನು ನಾನು ಸಾಕ್ಷಿಯಾಗಿ ಕರೆಯುವುದಿಲ್ಲ. ಆದರೆ ಆವತ್ತು ತೀರ್ಪು ಕೊಟ್ಟದ್ದು ನೆನಪಲ್ಲ. ಆಗ ಅದಿನ್ನೂ ನೆನಪಾಗಿರಲಿಲ್ಲ. ಕಣ್ಣು ಕಂಡಿತು, ಒಬ್ಬರು ಕೇಳಿದರು, ಹೇಳಿದೆ. ಸಂಶಯಪಡಲು ಒಳ್ಳೆಯ ಕಾರಣ, ಸ್ನೇಹ, ನಿಯಮ ಎಲ್ಲ ಇದ್ದಾಗಲೂ ಸಂಶಯ ಬರಲಿಲ್ಲ ಎಂಬುದನ್ನು ನಾನು ನಂಬುತ್ತೇನೆ. ಉಳಿದದ್ದನ್ನು, ಕೋಟನ್ನೂ ಸೇರಿಸಿ, ಬಿಟ್ಟುಕೊಡುತ್ತೇನೆ.

ಆದರೂ ಮೊನ್ನೆ ಮಂಗಳವಾರ, ಆಟದ ನಡುವಿನ ವಿರಾಮದಲ್ಲಿ, ಕ್ಯಾಪ್ಟನ್ ಹುಲ್ಲಿನ ಮೇಲೆ ಕಾಲು ಚಾಚಿ ನೀರು ಕುಡಿಯುತ್ತಿದ್ದಾಗ ಪಕ್ಕದಲ್ಲಿ ಕೂತೆ. ನಾನು ಕೂತದ್ದನ್ನು ನೋಡಿಯೇ ಅವರಿಗೆ ಏನೋ ಇದೆ ಎಂದು ಗೊತ್ತಾಯಿತು.

"ಕೇಳಿ, ಕೇಳಿ. ಕೇಳದಿದ್ರೆ ನಿಮಗೆ ನಿದ್ರೆ ಬರುದಿಲ್ಲ."

"ಆವತ್ತು ಸೋಹಾರಿನ ಚೆಂಡು. ಈಗ ಹುಲ್ಲೂ ಇದೆ, ಯಾರಿಗೂ ನಷ್ಟ ಇಲ್ಲ. ನಿಜಕ್ಕೂ ಮುಟ್ಟಿದ್ರಾ?"

ಅವರು ಬಲಗೈ ಎತ್ತಿ ದೀಪದ ಬೆಳಕಿಗೆ ಹಿಡಿದು, ನಡುಬೆರಳನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಬೇಕೆಂದೇ ತಡ ಮಾಡುತ್ತಿದ್ದಾರೆ ಎಂದು ಮೊದಲು ಅನಿಸಿತು. ಆಮೇಲೆ ಹಾಗಲ್ಲ, ಅವರು ನಿಜವಾಗಿಯೂ ಹುಡುಕುತ್ತಿದ್ದಾರೆ ಎಂದು ಕಂಡಿತು.

"ಮುಟ್ಟಿದೆ ಮುಟ್ಟಿದೆ ಅಂತ ಮಾರುಕಟ್ಟೆಯಲ್ಲಿ, ಮದುವೆಯಲ್ಲಿ, ಊರಿಗೆ ಹೋದಾಗ ಅಷ್ಟು ಸಲ ಹೇಳಿದ್ದೇನೆ ಸರ್," ಎಂದರು. "ಈಗ ಬೆರಳಿಗೇ ಗೊತ್ತಿಲ್ಲ."

"ಹಾಗಾದ್ರೆ ಸಂಶಯ."

"ಸಂಶಯ," ಎಂದು ಒಪ್ಪಿಕೊಂಡು, ನೆಲಕ್ಕೆ ಕೈಯೂರಿ ಎದ್ದರು. ಮೊಣಕಾಲಿಗೆ ಅಂಟಿದ್ದ ಹುಲ್ಲನ್ನು ಒರೆಸಿಕೊಳ್ಳದೆ ಅಂಕಣದ ಕಡೆಗೆ ನಡೆದರು. ಗೆರೆ ದಾಟುವ ಮೊದಲು ತಿರುಗಿ, "ಒಂದು ಅಂಕ ಬರ್ಕೊಳ್ಳಿ ನನಗೆ" ಎಂದರು.